ಅರ್ಧ ಹೊಲಿಗೆಯ ಮಗಳು

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ಹದಿನಾಲ್ಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಬೆರಳಿನ ಗಾಯ ಒಣಗಿತೇ? ಹೊತ್ತುಹೊತ್ತಿಗೆ ಊಟ ಮಾಡುತ್ತೀರೋ, ಇಲ್ಲ ಕೈಗೆ ವೈರು ಸಿಕ್ಕಿದರೆ ಹೊಟ್ಟೆ ಇರುವುದೇ ಮರೆತುಹೋಗುತ್ತದೆಯೋ? ಹಡಗುಕಟ್ಟೆಯಲ್ಲಿ ಗಾಳಿ ಜೋರಂತೆ, ಬೆಚ್ಚಗಿರಿ ಎಂದು ಬರೆಯೋಣವೆಂದರೆ ನಿಮ್ಮ ಸ್ವೆಟರ್ ಇಲ್ಲೇ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿದೆ. ಹೊರಡುವಾಗ ಬಾಯಿ ನೋಯುವಷ್ಟು ನೆನಪಿಸಿದ್ದೆ, ಹೋಗಲಿ ಬಿಡಿ. ಫೋನಿನಲ್ಲಿ ಮಾತಾಡಬಹುದಿತ್ತು, ಆದರೆ ಹೊಸ ಫೋನೂ ಹಳೆಯದರ ಹಾಗೇ ಎಲ್ಲೋ ಕಳೆದುಹೋಯಿತೆಂದು ನಿಮ್ಮ ಮೇಸ್ತ್ರಿ ಹೇಳಿದರು. ಅವರ ಫೋನಿನಲ್ಲಿ ಹೇಳುವ ಮಾತಲ್ಲ ಇದು. ಅದಕ್ಕೇ ಕಾಗದ. ದಯವಿಟ್ಟು ಪೂರ್ತಿ ಓದಿ, ನಡುವೆ ಎದ್ದು ಹೋಗಬೇಡಿ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ ಎಂದು ಬರೆಯುವುದು ಪದ್ಧತಿ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ. ಶಾಲೆಯ ಯೂನಿಫಾರ್ಮ್ ಬಟ್ಟೆ ರಾಶಿ ಬಿದ್ದಿದೆ, ಹೊಲಿಯುವ ಕೈ ಎರಡೇ. ನಾನು ಮಾತ್ರ ಸೋತಿದ್ದೇನೆ ರೀ. ನಿದ್ದೆ ಮಾಡಿದರೂ ಹೋಗದ ಸುಸ್ತು ಇದು. ನಮ್ಮ ಚಿನಕುರುಳಿಗೆ ನಾಲ್ಕು ತುಂಬಿದ ಮೇಲಾದರೂ ಒಂದು ಹದಕ್ಕೆ ಬರುತ್ತಾಳೆ ಎಂದುಕೊಂಡಿದ್ದೆ. ಎಲ್ಲಿಂದ ಬರಬೇಕು? ಒಂದು ಕಾಲಿಗೆ ಕಾಲುಚೀಲ ಹಾಕುವಷ್ಟರಲ್ಲಿ ಇನ್ನೊಂದು ಕಾಲು ಬೀದಿಯಲ್ಲಿರುತ್ತದೆ. ಊಟ ನಿಂತೇ, ಅದೂ ತುತ್ತಿಗೊಂದು ಸುತ್ತು. ಒಂದು ಮಾತು ಕೇಳುತ್ತಾಳೆ, ಉತ್ತರ ಕೊಡುವಷ್ಟರಲ್ಲಿ ಮೂರನೆಯ ಮಾತಿನಲ್ಲಿರುತ್ತಾಳೆ. ಕಳೆದ ತಿಂಗಳು ಕಟಿಂಗ್ ಟೇಬಲ್ ಮೇಲಿಂದ ಹಾರಿ ಗದ್ದ ಸೀಳಿಕೊಂಡಳು. ಡಾಕ್ಟರು ಹೊಲಿಗೆ ಹಾಕುವಾಗ ಅಳಲಿಲ್ಲ, ಆ ಸೂಜಿ ಯಾಕೆ ಬಾಗಿದೆ, ನಮ್ಮಮ್ಮನ ಸೂಜಿ ನೆಟ್ಟಗಿದೆಯಲ್ಲ ಎಂದು ಕೇಳಿದಳು. ಮನೆಗೆ ಬಂದ ಮೇಲೆ ನನ್ನ ಕೆನ್ನೆ ಹಿಡಿದು, ಅಮ್ಮಾ ನಿನಗೆ ನೋವಾಯ್ತಾ ಎಂದಳು. ಇಂಥವಳ ಮೇಲೆ ಕೋಪ ಮಾಡಿಕೊಳ್ಳುವುದಾದರೂ ಹೇಗೆ? ಆದರೂ ಬರುತ್ತದೆ. ದಿನಾ ಬರುತ್ತದೆ.

ಆಮೇಲೆ ಶಿಶುವಿಹಾರದ ಟೀಚರು ಕರೆಸಿದರು. ಉಳಿದ ಮಕ್ಕಳು ಚಾಪೆಯ ಮೇಲೆ ಕೂತು ಕಥೆ ಕೇಳುವಾಗ ಇವಳು ಕಿಟಕಿ ಹತ್ತಿರ, ಕಿಟಕಿಯಿಂದ ನಲ್ಲಿ ಹತ್ತಿರ. ಜಾರುಬಂಡೆಯಲ್ಲಿ ಸರದಿ ಕಾಯಲಾಗದೆ ಮುಂದಿನ ಮಗುವನ್ನು ತಳ್ಳುತ್ತಾಳೆ, ಅದು ಬಿದ್ದರೆ ತಾನೇ ಓಡಿಹೋಗಿ ಎತ್ತುತ್ತಾಳೆ. ಟೀಚರು ಮೆಲ್ಲಗೆ ಹೇಳಿದರು, "ದೂರು ಅಂದ್ಕೋಬೇಡಿ. ಎಲ್ಲಾ ಮಕ್ಕಳೂ ಓಡಾಡ್ತಾರೆ. ಇವಳಿಗೆ ನಿಲ್ಲಬೇಕು ಅಂದ್ರೂ ನಿಲ್ಲೋಕಾಗ್ತಿಲ್ಲ. ಮಕ್ಕಳ ಡಾಕ್ಟರಿಗೆ ಒಮ್ಮೆ ತೋರ್ಸಿ." ಅತ್ತೆಗೆ ಇದನ್ನು ಹೇಳಿದ್ದೇ ತಡ, ಅವರಿಗೆ ಮೈಮೇಲೆ ಬಿಸಿನೀರು ಬಿದ್ದಂತಾಯಿತು. ಮಗು ಎಂದ ಮೇಲೆ ಗಲಾಟೆ ಮಾಡದೆ ಗೋಡೆ ನೋಡುತ್ತಾ ಕೂರುತ್ತದೆಯೇ, ಆ ಟೀಚರನ್ನೇ ತೋರಿಸಬೇಕು ಡಾಕ್ಟರಿಗೆ, ಎಂದರು.

ಅತ್ತೆಯ ಹತ್ತಿರ ಒಂದು ಸಾಕ್ಷಿಯೂ ಇತ್ತು, ಅದನ್ನು ನಾನೂ ನಂಬಿದ್ದೆ. ಗುಂಡಿಗಳ ಡಬ್ಬಿ. ನಿಮಗೆ ಗೊತ್ತಲ್ಲ, ಹರಿದ ಅಂಗಿಗಳಿಂದ ಬಿಚ್ಚಿಟ್ಟ ಗುಂಡಿಗಳೆಲ್ಲ ಇರುವ ಆ ದೊಡ್ಡ ತಗಡಿನ ಡಬ್ಬಿ. ಅದನ್ನು ಮುಂದಿಟ್ಟರೆ ಚಿನಕುರುಳಿ ಅಲ್ಲಾಡುವುದಿಲ್ಲ. ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಒಂದು ಕಡೆ, ಆಮೇಲೆ ಬಣ್ಣ, ಆಮೇಲೆ ಗಾತ್ರ. ನಾನು ಒಂದು ಅಂಗಿಯ ಕಾಜವೆಲ್ಲ ಹೊಲಿದು ಮುಗಿಸುವವರೆಗೂ ತಲೆ ಎತ್ತುವುದಿಲ್ಲ. ಕೂರಬೇಕು ಅನ್ನಿಸಿದರೆ ಕೂರುತ್ತಾಳೆ, ಮಿಕ್ಕಿದ್ದೆಲ್ಲ ಹಟ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೆವು. ಆದರೂ ಒಮ್ಮೆ ತೋರಿಸಿಯೇ ಬರೋಣ ಎಂದೆ, ಆಸ್ಪತ್ರೆಗೆ ಹೊರಡುವಾಗ ಅತ್ತೆ ಸಾಕ್ಷಿಗೆಂದು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಬಸ್ಸಿನಲ್ಲಿ ಗುಂಡಿಗಳು ಝಲ್ ಝಲ್ ಎನ್ನುತ್ತಿದ್ದವು, ಜನ ತಿರುಗಿ ನೋಡುತ್ತಿದ್ದರು, ಅತ್ತೆ ಮಾತ್ರ ಗೆದ್ದವರ ಹಾಗೆ ಕೂತಿದ್ದರು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನವರು. ಅತ್ತೆ ಅವರ ಮೇಜಿನ ಮೇಲೇ ಡಬ್ಬಿ ಸುರಿದರು. ಚಿನಕುರುಳಿ ಕೂತಳು. ಡಾಕ್ಟರು ತುಂಬ ಹೊತ್ತು ಅವಳನ್ನು ಗಮನಿಸಿದರು. ಆಮೇಲೆ, "ಪುಟ್ಟಾ, ಸಾಕು, ಈಗ ಈ ಚಿತ್ರ ನೋಡೋಣ ಬಾ" ಎಂದರು. ಒಂದು ಸಲ, ಎರಡು ಸಲ, ಹೆಗಲು ಮುಟ್ಟಿ ಇನ್ನೊಂದು ಸಲ. ಇವಳಿಗೆ ಕೇಳಿಸಲೇ ಇಲ್ಲ. ಗುಂಡಿಗಳನ್ನು ಕೈಗೆಟುಕದಂತೆ ಪಕ್ಕಕ್ಕೆ ಸರಿಸಿದ ಮೇಲೆ ಕುರ್ಚಿ, ಪರದೆ, ತೂಕದ ಯಂತ್ರ, ಬಾಗಿಲು, ಎಲ್ಲವೂ ಆಯಿತು, ಚಿತ್ರವೊಂದು ಬಿಟ್ಟು. ಡಾಕ್ಟರು ಅತ್ತೆಯ ಕಡೆಗೇ ತಿರುಗಿ ಹೇಳಿದರು, "ಇಂಥ ಮಕ್ಕಳು ಇಷ್ಟವಾದದ್ದರಲ್ಲಿ ಮುಳುಗಿಹೋಗ್ತಾರಮ್ಮಾ. ಬೇಕಾದಾಗ ಗಮನ ಕೊಡೋದು, ಬೇಕಾದಾಗ ತೆಗೆಯೋದು, ಅದೇ ಕಷ್ಟ. ಹಟ ಅಲ್ಲ." ಅತ್ತೆ ಒಂದೊಂದೇ ಗುಂಡಿ ಆರಿಸಿ ಡಬ್ಬಿಗೆ ಹಾಕಿಕೊಂಡರು.

ಎಡಿಎಚ್‌ಡಿ ಎನ್ನುತ್ತಾರಂತೆ ಅದಕ್ಕೆ, ಗಮನವೂ ಮೈಯೂ ಒಂದು ಕಡೆ ನಿಲ್ಲದ ತೊಂದರೆ. ಇವಳಿಗೆ ಅದೇ ಇದೆ ಎಂದು ಹೇಳಿಲ್ಲ, ಹೆದರಬೇಡಿ. ಇಷ್ಟು ಚಿಕ್ಕವರಿಗೆ ಅವಸರದಲ್ಲಿ ಹೆಸರು ಹಚ್ಚಬಾರದಂತೆ. ಮನೆಯಲ್ಲೂ ಶಾಲೆಯಲ್ಲೂ ಕೆಲವು ತಿಂಗಳು ಗಮನಿಸಬೇಕು, ಕಿವಿ, ನಿದ್ದೆ ಎಲ್ಲ ಸರಿಯಿದೆಯೇ ನೋಡಬೇಕು. ಹಾಲು ಕುಡಿಯುವ ಕೂಸಾಗಿದ್ದಾಗಲೇ ನಿದ್ದೆಯಿಲ್ಲದೆ ಒದ್ದಾಡುತ್ತಿದ್ದಳು, ಆಗಲೇ ನನಗೆ ತಿಳಿಯಬೇಕಿತ್ತೇ ಎಂದು ಕೇಳಿದೆ. ಎಷ್ಟೋ ಕೂಸುಗಳು ಹಾಗಿರುತ್ತವೆ, ಅದರಿಂದ ಏನೂ ಹೇಳಲಾಗುವುದಿಲ್ಲ ಎಂದರು. ನಾನು ಬೆಳೆಸಿದ್ದರಲ್ಲಿ ತಪ್ಪಾಗಿದೆಯೇ ಎಂದೂ ಕೇಳಿದೆ. ಇಲ್ಲ ಎಂದರು. ಆ ಒಂದು ಮಾತಿಗೆ ಅಲ್ಲೇ ಅತ್ತುಬಿಟ್ಟೆ, ನಾಚಿಕೆಯಾಯಿತು. ಈಗ ಔಷಧಿ ಬೇಡವಂತೆ. ಅವಳೊಂದಿಗೆ ಹೇಗೆ ಮಾತಾಡಬೇಕು, ಒಂದು ಸಲಕ್ಕೆ ಒಂದೇ ಕೆಲಸ ಹೇಗೆ ಹೇಳಬೇಕು, ಅದನ್ನು ಮೊದಲು ನಮಗೆ ಕಲಿಸುತ್ತಾರಂತೆ.

ಆಮೇಲೆ, ಮನೆಯಲ್ಲಿ ಬೇರೆ ಯಾರಾದರೂ ಚಿಕ್ಕಂದಿನಲ್ಲಿ ಹೀಗಿದ್ದರಾ ಎಂದು ಕೇಳಿದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನಗುತ್ತಲೇ ಶುರುಮಾಡಿದರು: "ಇವಳಪ್ಪ ಇವಳಿಗಿಂತ ಒಂದು ಕೈ ಮೇಲು. ಇಸ್ತ್ರಿಪೆಟ್ಟಿಗೆ ಹತ್ರ ಹೋಗ್ತಾನೆ ಅಂತ ಅವನನ್ನ ಬಟ್ಟೆಯ ಅಂಚುಪಟ್ಟಿಯಿಂದ ಮಿಷನ್ ಕಾಲಿಗೆ ಕಟ್ಟಿಹಾಕ್ತಿದ್ವಿ." ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. ಎಷ್ಟು ವರ್ಷದವರೆಗೆ ಎಂದು ಕೇಳಿದರು, ಅಷ್ಟೇ. ಅತ್ತೆಯ ನಗು ಅಲ್ಲೇ ನಿಂತಿತು.

ಮಾವ ಇದ್ದಾಗ ನಿಮ್ಮನ್ನು ಅಂಗಡಿಗೆ ಬಂದವರೆಲ್ಲರ ಮುಂದೆ 'ಅರ್ಧ ಹೊಲಿಗೆ' ಎಂದು ಕರೆಯುತ್ತಿದ್ದರು. ನೀವೂ ನಗುತ್ತಿದ್ದಿರಿ. ಯಾವ ಅಂಗಿಯನ್ನೂ ಮುಗಿಸಲಿಲ್ಲವಂತೆ, ಆದರೆ ಕೆಟ್ಟ ರೇಡಿಯೊ ಸಿಕ್ಕರೆ ಅನ್ನನೀರು ಬೇಕಿರಲಿಲ್ಲವಂತೆ. ಗುಂಡಿ ಡಬ್ಬಿಯ ಮುಂದೆ ಕೂತ ಮಗಳನ್ನು ನೋಡುವಾಗಲೆಲ್ಲ ಈಗ ಆ ರೇಡಿಯೊ ನೆನಪಾಗುತ್ತದೆ. ಮೊನ್ನೆ ನಮ್ಮ ಇಸ್ತ್ರಿಯಣ್ಣ ತಮಾಷೆಗೆ, ಅರ್ಧ ಹೊಲಿಗೆಗೆ ಕಾಲು ಹೊಲಿಗೆ ಹುಟ್ಟಿದೆ ಎಂದ. ಎಲ್ಲರೂ ನಕ್ಕರು. ಚಿನಕುರುಳಿಯೂ ನಕ್ಕಳು, ದಿನವಿಡೀ ನಾನು ಕಾಲು ಹೊಲಿಗೆ, ನಾನು ಕಾಲು ಹೊಲಿಗೆ ಎಂದು ಹಾಡಿಕೊಂಡು ಕುಣಿದಳು. ಹೀಗೇ ಅಲ್ಲವೇ ನೀವೂ ನಕ್ಕು ನಕ್ಕು ಅಭ್ಯಾಸ ಮಾಡಿಕೊಂಡದ್ದು? ನನ್ನ ಮಗಳು ಆ ಹೆಸರು ಹೊತ್ತು ಬೆಳೆಯುವುದು ನನಗೆ ಬೇಡ. ಇಸ್ತ್ರಿಯಣ್ಣನಿಗೆ ಹಾಗೆಂದೇ ಹೇಳಿದೆ, ಸ್ವಲ್ಪ ಜೋರಾಗಿಯೇ. ಪಾಪ, ಸಂಜೆಯವರೆಗೂ ತಲೆ ತಗ್ಗಿಸಿ ಇಸ್ತ್ರಿ ಮಾಡಿದ.

ಮಲಗಿದ್ದವಳು ಎದ್ದಳು, ಕತ್ತರಿ ಎಳೆಯುವ ಸದ್ದು ಕೇಳುತ್ತಿದೆ. ಆರೋಗ್ಯ ನೋಡಿಕೊಳ್ಳಿ. ಎತ್ತರದಲ್ಲಿ ಕೆಲಸ ಮಾಡುವಾಗ ಬೆಲ್ಟ್ ಹಾಕಿಕೊಳ್ಳಿ. ಮೇಸ್ತ್ರಿಯವರಿಗೆ ನಮಸ್ಕಾರ ತಿಳಿಸಿ. ಅತ್ತೆಯ ಆಶೀರ್ವಾದ, ಮಗಳ ಮುತ್ತು, ಎರಡೂ ಈ ಕಾಗದದಲ್ಲಿವೆ.

ಇಂತು,
ನಿಮ್ಮವಳು

ಮರೆತೆ: ಮುಂದಿನ ತಿಂಗಳ ಮೊದಲ ಸೋಮವಾರ ಡಾಕ್ಟರು ಮತ್ತೆ ಕರೆದಿದ್ದಾರೆ, ಅಪ್ಪನೂ ಬರಬೇಕಂತೆ. ಅವತ್ತು ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅತ್ತೆ ಅರ್ಧಕ್ಕೇ ನಿಂತರು. "ಒಂದ್ಸಲ ನೋಡ್ತಾರಾ ಕೇಳ್ಕೊಂಡು ಬಾ" ಎಂದರು. ಈಗ ನೋಡಿದರಲ್ಲ ಎಂದೆ. "ಇವಳನ್ನಲ್ಲ ಕಣೇ, ನನ್ನ ಮಗನ್ನ" ಎಂದರು. ವಾಪಸು ಹೋಗಿ ಕೇಳಿದೆ. ದೊಡ್ಡವರನ್ನು ನೋಡುವ ಡಾಕ್ಟರೂ ಅಲ್ಲೇ ಇದ್ದಾರಂತೆ, ತಡವಾಯಿತು ಎಂದೇನಿಲ್ಲವಂತೆ. ಸ್ವೆಟರ್ ಅಂಚೆಯಲ್ಲಿ ಕಳಿಸುವುದಿಲ್ಲ. ಬಂದೇ ಹಾಕಿಕೊಳ್ಳಿ.