ಪರಿಮಳವಿಲ್ಲದ ಮೇಣದಬತ್ತಿ

ಜನವರಿ ೧೯, ಭಾನುವಾರ

ಬೆಳಗಾದರೆ ಅಜ್ಜಿಯ ಹುಟ್ಟುಹಬ್ಬ. ಉಡುಗೊರೆಗೆಂದು ನಾನು ಮಾಡಿದ ಮೇಣದಬತ್ತಿಯಲ್ಲಿ ಒಂದು ಗೀರೂ ಇಲ್ಲ. ಮಲ್ಲಿಗೆಯ ಪರಿಮಳವೂ ಇಲ್ಲ. ಕಾದ ಮೇಣಕ್ಕೇ ಸುಗಂಧತೈಲ ಸುರಿದೆ. ಪರಿಮಳವೆಲ್ಲ ಅಡುಗೆಮನೆಯ ಪಾಲಾಯಿತು.

"ಸ್ವಲ್ಪ ಆರಲಿ ಕಣೇ" ಎಂದಿದ್ದಳು ಅಮ್ಮ.

"ಕೆಮಿಸ್ಟ್ರೀಲಿ ಕ್ಲಾಸಿಗೇ ಫಸ್ಟ್ ನಾನು. ನೀನು ಸುಮ್ನಿರಮ್ಮ" ಎಂದಿದ್ದೆ.

ತಂಗಿ ಮೂಸಿ ನೋಡಿ, "ನೋಡೋಕೆ ಭಾರಿ ಚೆನ್ನಾಗಿದೆ, ಮೇಡಮ್ಮೋರೇ. ಆದ್ರೆ ಅಜ್ಜಿಗೆ ಕಣ್ಣೇ ಕಾಣ್ಸಲ್ವಲ್ಲ!" ಎಂದಳು. ನನಗೆ ನಗು ಬರಲಿಲ್ಲ.

ಈಗ ಅದನ್ನು ಮತ್ತೆ ಕರಗಿಸಿದ್ದೇನೆ. ಶೀಶೆಯಲ್ಲಿ ಉಳಿದ ತೈಲ ಒಂದೇ ಸಲಕ್ಕೆ ಸಾಕು. ಪಾತ್ರೆಯನ್ನು ಮುಟ್ಟುತ್ತೇನೆ, ಕೈ ಹಿಂದೆಗೆಯುತ್ತೇನೆ. ಎಷ್ಟು ಆರಬೇಕೆಂಬುದು ನನಗೆ ತಿಳಿಯದು. ಅಮ್ಮನ ಕೋಣೆಯಲ್ಲಿ ಇನ್ನೂ ಬೆಳಕಿದೆ. ಯಾವ ಮುಖವಿಟ್ಟುಕೊಂಡು ಕರೆಯಲಿ? ಮೇಣ ಆಗಲೇ ಅಂಚಿನಲ್ಲಿ ಬೆಳ್ಳಗಾಗುತ್ತಿದೆ. ಹೋಗಿ ಕರೆಯುತ್ತೇನೆ.