ಚೆನ್ನಾಗಿ ಆಡಿದಿರಿ ಭಾವ

ನಾಪೋಕ್ಲು
ನವೆಂಬರ್ ೧೨, ೨೦೨೫, ಬುಧವಾರ

ಪ್ರೀತಿಯ ಪ್ರಜ್ಞೇಶನಿಗೆ, ಅಕ್ಕನ ನೆನಪುಗಳು.

ಹೇಗಿದ್ದೀಯಾ? ಗೋವಾದ ಸೆಖೆಗೆ ಕುತ್ತಿಗೆಯ ಮೇಲೆ ಎದ್ದಿದ್ದ ಬೊಕ್ಕೆಗಳು ಒಣಗಿದವೇ? ಹೋಟೆಲಿನ ಅಡುಗೆಮನೆಯಲ್ಲಿ ಊರಿಗೆಲ್ಲ ಬಡಿಸಿ ನೀನು ನಿಂತುಕೊಂಡೇ ಉಣ್ಣುತ್ತೀಯೆಂದು ಅಮ್ಮ ಕೊರಗುತ್ತಾಳೆ. ಅಮ್ಮನ ಮೊಣಕಾಲು ನೋವು ಹಾಗೇ ಇದೆ. ಆದರೂ ಹೋದ ಭಾನುವಾರ ಬಸ್ಸು ಹತ್ತಿ ಬಂದು ಒಂದು ದಿನ ಇದ್ದು ಹೋದಳು. ಕಾಗದ ನೋಡಿ ಗಾಬರಿಯಾಗಬೇಡ. ಫೋನಿರುವಾಗ ಇದೇನು ಹಳೇ ಕಾಲದ ಕೆಲಸ ಎಂದು ನೀನು ನಗಬಹುದು. ನಮ್ಮ ಮನೆಯ ಗೋಡೆ ನಿನಗೆ ಗೊತ್ತಲ್ಲ, ಒಲೆಯ ಮೇಲೆ ಸಾಸಿವೆ ಸಿಡಿದರೂ ನಿನ್ನ ಭಾವನ ಮಂಚಕ್ಕೆ ಕೇಳುತ್ತದೆ. ಮೆಸೇಜು ಹಾಕೋಣವೆಂದರೆ ಅವರ ಫೋನು ಅವರು ಬಿದ್ದ ದಿನವೇ ಪುಡಿಯಾಯಿತು, ಅಂದಿನಿಂದ ನಾನು ಮನೆಯಲ್ಲಿರುವಷ್ಟು ಹೊತ್ತೂ ನನ್ನದೇ ಅವರ ತಲೆದಿಂಬಿನ ಪಕ್ಕದಲ್ಲಿರುತ್ತದೆ. ನೀನೋ, ಕರೆ ಮಾಡಿದರೆ ಎತ್ತುವುದಿಲ್ಲ, ಆಮೇಲೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಳ್ಳುತ್ತೀ. ಹಾಗಾಗಿ ಎರಡನೇ ಕ್ಲಾಸಿನ ಮಕ್ಕಳಿಗೆ ಕಾಪಿ ಬರೆಯಲು ಹೇಳಿ, ಶಾಲೆಯ ಮೇಜಿನ ಮೇಲೇ ಇದನ್ನು ಬರೆಯುತ್ತಿದ್ದೇನೆ. ನಡುವೆ ಯಾರಾದರೂ ಪೆನ್ಸಿಲ್ ಮುರಿದುಕೊಂಡು ಬಂದರೆ ಅಕ್ಷರ ಕೆಟ್ಟೀತು, ಸಹಿಸಿಕೋ.

ಊರಿನಲ್ಲಿ ನಿನ್ನ ಬಗ್ಗೆ ಏನು ಮಾತು ನಡೆಯುತ್ತಿದೆ ಎಂಬುದು ನಿನಗೆ ಗೊತ್ತಿದೆ. ಅದಕ್ಕೇ ನೀನು ಫೋನು ಎತ್ತುತ್ತಿಲ್ಲ ಎನ್ನುವುದೂ ನನಗೆ ಗೊತ್ತಿದೆ. ಬಂದವರೆದುರಿಗೆಲ್ಲ ತಂಗಮ್ಮ ಅತ್ತೆಯದು ಒಂದೇ ಮಾತು, ನನ್ನ ಮಗನನ್ನು ಕೆಡವಿದ್ದು ಆನೆಯಲ್ಲ, ಸೊಸೆಯ ತಮ್ಮನ ನಾಲಿಗೆ ಎಂದು. ಮಗ ಮಲಗಿರುವುದನ್ನು ದಿನವೂ ನೋಡುವ ತಾಯಿ, ಅವರನ್ನು ನಾನು ಏನೆನ್ನಲಿ? ಮೊದಮೊದಲು ನನಗೂ ಹಾಗೇ ಅನ್ನಿಸುತ್ತಿತ್ತು. ಸುಳ್ಳು ಹೇಳುವುದಿಲ್ಲ, ನಿನ್ನ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು.

ಭಾವ ಆ ಶೂಟಿಂಗ್ ಆಟಕ್ಕೆ ಬಿದ್ದದ್ದೇ ನಿನ್ನಿಂದ. ಕೋವಿಗೆ ಪೂಜೆ ಮಾಡುವ ಕೈಲುಮುಹೂರ್ತದ ದಿನ ಮರದ ತುದಿಯ ತೆಂಗಿನಕಾಯಿಯನ್ನು ಒಂದೇ ಗುಂಡಿಗೆ ಒಡೆಯುವ ಮನುಷ್ಯ, ಫೋನಿನ ಗಾಜಿನ ಮೇಲೆ ಹೆಬ್ಬೆರಳು ಒತ್ತುವಾಗ ಎಮ್ಮೆ ಕೆಸರಿಗೆ ಇಳಿದ ಹಾಗೆ ಆಡುತ್ತಿದ್ದರು. ನೀನು ಬಯ್ಯುತ್ತಿದ್ದೆ. ಅಡ್ಡ ಬಂದಿರಿ ಎಂದೂ, ಹೇಳಿದ ಕಡೆ ಹೋಗಲಿಲ್ಲವೆಂದೂ, ಇವರಿಗಿಂತ ಖಾಲಿ ಜಾಗವೇ ವಾಸಿ ಎಂದೂ. ಇಯರ್‌ಫೋನಿನಿಂದ ಸಿಡಿಯುವ ನಿನ್ನ ದನಿ ನನಗೂ ಕೇಳುತ್ತಿತ್ತು. ಅಕ್ಕನ ಗಂಡನ ಹತ್ತಿರ ಮಾತಾಡುವ ರೀತಿಯಾ ಇದು ಎಂದು ನಾನು ಜಗಳಕ್ಕೇ ಬಂದಿದ್ದೆ, ನೆನಪಿರಬೇಕು. ಆಟದೊಳಗೆ ಭಾವ ಗೀವ ಇಲ್ಲ ಅಕ್ಕ, ತಪ್ಪನ್ನು ತಪ್ಪು ಅನ್ನದಿದ್ದರೆ ಅವರು ಕಲಿಯುವುದು ಯಾವಾಗ ಎಂದು ನೀನು ವಾದಿಸಿದೆ. ಇಬ್ಬರ ನಡುವೆ ಸಿಕ್ಕಿಕೊಂಡ ಇವರು ಮಾತ್ರ ನಗುತ್ತಿದ್ದರು. ನಿಮ್ಮ ತಂಡದಲ್ಲಿದ್ದ ಹಾಸನ ಕಡೆಯ ಚೇತನ್‌ಕುಮಾರ್ ಒಮ್ಮೆ ಇವರ ತಾಯಿಯ ಹೆಸರು ಎತ್ತಿ ಬೈದಾಗ, ನೀನು ಅವನನ್ನು ಆ ಕ್ಷಣವೇ ಹೊರಗೆ ಹಾಕಿದೆಯಂತೆ. ಭಾವನಿಗೆ ಬಯ್ಯುವ ಹಕ್ಕು ತನಗೊಬ್ಬನಿಗೇ ಎಂದೆಯಂತೆ. ಅದನ್ನು ಇವರು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು, ದೊಡ್ಡ ಮರ್ಯಾದೆ ಸಿಕ್ಕಿದ ಹಾಗೆ.

ಆಮೇಲೆ ಮೇ ತಿಂಗಳ ಆ ಸಂಜೆ. ಹಲಸು ಹಣ್ಣಾಗಿ ತೋಟವೆಲ್ಲ ವಾಸನೆ. ಅದಕ್ಕೂ ಹಿಂದಿನ ದಿನ ಇವರ ನೆಟ್ ಕೈಕೊಟ್ಟು ನೀವು ಗೆಲ್ಲುವ ಆಟ ಸೋತಿದ್ದಿರಿ. ಆಗ ನೀನು ಅಂದ ಮಾತು ಈಗ ಊರಿಗೆಲ್ಲ ಬಾಯಿಪಾಠವಾಗಿದೆ: "ಭಾವ, ನೀವು ಆಟಕ್ಕೆ ಬಾದೇ ಸಾಯಿಕೆ. ನೆಟ್ ಸಿಕ್ಕುವಲ್ಲಿಗೆ ಹೋಗಿ, ಇಲ್ಲರೆ ಬರ್ಬೇಡಿ." ಆಟಕ್ಕೆ ಬರುವುದೇ ಸಾಯಲಿಕ್ಕೆ ಎಂದ ಆ ಮಾತನ್ನೇ ಅತ್ತೆ ಹಿಡಿದುಕೊಂಡಿರುವುದು. ಮರುದಿನ ಇವರು ಕಾಫಿ ಕಣ ದಾಟಿ, ರಸ್ತೆಗಾಗಿ ಗುಡ್ಡದ ಮಣ್ಣು ಕಡಿದ ಎತ್ತರದ ಬರೆಯ ಮೇಲೆ ಹೋಗಿ ನಿಂತರು. ಕಡಿಯದೆ ಟವರ್ ಸಿಗುವುದು ಅಲ್ಲೊಂದೇ ಕಡೆ. ಕೆಳಗಿನಿಂದ ಪಕ್ಕದ ಮನೆಯ ನಾಣಯ್ಯ ಮಾವ ಆನೆ ಆನೆ ಎಂದು ಕೂಗಿದ್ದು ಇಯರ್‌ಫೋನು ಹಾಕಿದ್ದ ಇವರಿಗೆ ಕೇಳಲಿಲ್ಲ. ತಿರುಗಿ ನೋಡಿದಾಗ ಅದು ಹಲಸಿನ ಮರದ ಬುಡದಲ್ಲೇ ಇತ್ತಂತೆ. ಆನೆ ಇವರನ್ನು ಮುಟ್ಟಲೇ ಇಲ್ಲ. ಇವರೇ ಹೆದರಿ ಓಡಿ ಬರೆಯಿಂದ ರಸ್ತೆಗೆ ಬಿದ್ದರು. ಫೋನು ಒಡೆದು ಹೋಗಿದೆಯೆಂದು ತಿಳಿಯದೆ, ನೆಟ್ ಮತ್ತೆ ಹೋಯಿತೆಂದು ಆ ಕಡೆಯಿಂದ ಇನ್ನೂ ಬಯ್ಯುತ್ತಲೇ ಇದ್ದೆನೆಂದು ಮಂಗಳೂರಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನೀನೇ ನನಗೆ ಹೇಳಿಕೊಂಡು ಅತ್ತುಬಿಟ್ಟೆ. ಒಳಗೆ ಹೋಗಿ ಅವರ ಮುಖ ನೋಡಲು ಮಾತ್ರ ನಿನ್ನಿಂದ ಆಗಲಿಲ್ಲ. ರಾತ್ರಿಯ ಬಸ್ಸಿಗೆ ಹೊರಟುಬಿಟ್ಟೆ.

ಬೆನ್ನುಹುರಿಗೆ ಪೆಟ್ಟಾಗಿದೆ, ಸೊಂಟದಿಂದ ಕೆಳಗೆ ಇನ್ನು ಜೀವ ಬರುವುದಿಲ್ಲ ಎಂದು ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದರು. ನಾನು ಅದನ್ನು ನಿನಗೆ ಮಾತ್ರ ಹೇಳಿದೆ. ಇವರಿಗೂ ಅತ್ತೆಗೂ ಈಗಲೇ ಬೇಡ ಎಂದು ನಾವಿಬ್ಬರೇ ತೀರ್ಮಾನ ಮಾಡಿದೆವು. ಅಲ್ಲಿಂದ ಶುರುವಾಯಿತು ನೋಡು ಈ ಮನೆಯಲ್ಲಿ ಒಳ್ಳೆಯ ಮಾತುಗಳ ಮಳೆ. ಬಂದವರೆಲ್ಲ ಮುಖ ಗೆಲುವಾಗಿದೆ, ಬಣ್ಣ ಬಂದಿದೆ, ಜನವರಿಗೆಲ್ಲ ತೋಟ ಸುತ್ತುತ್ತೀರಿ ಎನ್ನುವವರೇ. ನಾನು ಎಲ್ಲರಿಗಿಂತ ಜೋರಾಗಿ ಅನ್ನುತ್ತಿದ್ದೆ. ಇವರೂ ನಂಬಿದ ಹಾಗೆ ಇದ್ದರು. ಈ ಸಲ ಕೈಲುಮುಹೂರ್ತಕ್ಕೆ ಕೋವಿಯನ್ನು ಹೊರಗೆ ತೆಗೆಯಲಿಲ್ಲ, ಬರುವ ವರ್ಷ ಸೇರಿಸಿ ಹೊಡೆದರಾಯಿತು ಎಂದು ತಾವೇ ಸಮಾಧಾನ ಹೇಳಿದ್ದರು.

ಆಯುಧಪೂಜೆ ಕಳೆದ ಮೇಲೆ ಒಂದು ಸಂಜೆ ಇವರು ನನ್ನ ಫೋನಿನಲ್ಲಿ ಆಟ ತೆರೆದರು. ಬಿದ್ದ ಮೇಲೆ ಅದೇ ಮೊದಲ ಸಲ. ಹೆಸರು ಕಂಡ ಕೂಡಲೇ ನೀನು ಬಂದೆ. ಇಯರ್‌ಫೋನು ಈಗ ಇವರಿಗೆ ಆಗುವುದಿಲ್ಲ, ಸ್ಪೀಕರಿನಲ್ಲೇ ಇಟ್ಟುಕೊಂಡಿದ್ದರು. ನಾನು ಮಂಚದ ಪಕ್ಕದಲ್ಲೇ ಬೀನ್ಸ್ ಮುರಿಯುತ್ತಾ ಕೂತಿದ್ದೆ. ನಿನಗೆ ಗೊತ್ತಿರಲಿಲ್ಲ, ನಿನ್ನ ಒಂದೊಂದು ಮಾತೂ ನನಗೆ ಕೇಳುತ್ತಿತ್ತು. ಆಟದಲ್ಲಿ ಕೋವಿ ಕೈಗೆ ಸಿಗುವ ಮೊದಲೇ ಇವರು ಸತ್ತರು. ಪರವಾಗಿಲ್ಲ ಎಂದೆ ನೀನು. ಎರಡನೇ ಸಲ ಗುಂಡನ್ನೆಲ್ಲ ಗೋಡೆಗೆ ಹೊಡೆದು ಮುಗಿಸಿದರು. ಸೂಪರ್ ಎಂದೆ. ನಮ್ಮ ಮನೆಮಾತು ಅರೆಭಾಷೆಯನ್ನೂ ಬಿಟ್ಟು, ಮೊದಲ ಸಲ ಕಂಡ ನೆಂಟರ ಹತ್ತಿರ ಮಾತಾಡುವ ಹಾಗೆ ಪುಸ್ತಕದ ಕನ್ನಡ ಹಿಡಿದಿದ್ದೆ. ನಾನು ಇವರ ಮುಖ ನೋಡಿದೆ. ಮೂರನೇ ಸಲ ಇವರು ಬೇಕೆಂದೇ ಬಯಲಿಗೆ ಬಂದು ನಿಂತರು ಪ್ರಜ್ಞೇಶಾ. ಬೆರಳನ್ನೇ ಆಡಿಸಲಿಲ್ಲ. ಯಾರೋ ಬಂದು ಹೊಡೆದು ಕೆಡವುವ ತನಕ ಸುಮ್ಮನೆ ನೋಡುತ್ತಿದ್ದರು. ಆಗಲೂ ನೀನು, "ಚೆನ್ನಾಗಿ ಆಡಿದಿರಿ ಭಾವ" ಎಂದೆ.

ಇವರು ಫೋನನ್ನು ಮಗುಚಿ ಇಟ್ಟರು. "ನಂಗೆ ಇನ್ನು ಏಳಿಕೆ ಆದುಲೆ ಕವನಾ. ಅವಂಗೂ ಗೊತ್ತುಟ್ಟು" ಎಂದರು.

ನಾನು ಏನು ಮಾಡಬೇಕಿತ್ತು ಹೇಳು? ಏಳಲು ಯಾಕಾಗದು, ಹಾಗೆಲ್ಲ ಏನಿಲ್ಲ, ಜನವರಿಗೆ ಸರಿಯಾಗುತ್ತದೆ ಎಂದೆ. ಬೀನ್ಸಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ. ಅಂದಿನಿಂದ ಅವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗುತ್ತಾರೆ. ಮಗ್ಗುಲು ಬದಲಿಸುತ್ತೇನೆಂದರೆ ಒಪ್ಪುವುದಿಲ್ಲ. ಮಂಚಕ್ಕೆ ಕಟ್ಟಿದ ಹಗ್ಗ ಹಿಡಿದು ಎದ್ದು ಕೂರುವ ಅಭ್ಯಾಸ ಮಾಡಿ ಎಂದರೆ, ಹೇಗೂ ಜನವರಿಗೆ ಕಾಲು ಬರುತ್ತದಲ್ಲ, ಈಗ ಯಾಕೆ ಎಂದು ನನ್ನ ಸುಳ್ಳನ್ನು ನನ್ನ ಮುಖಕ್ಕೇ ಎಸೆಯುತ್ತಾರೆ. ಬೆನ್ನಿನ ಕೆಳಗೆ ಹಾಸಿಗೆ ಹುಣ್ಣು ಎದ್ದಿದೆ. ಮೊನ್ನೆ ಬ್ಯಾಂಡೇಜು ಬಿಚ್ಚಿದಾಗ ವಾಸನೆ ಬಂತು. ಹೀಗೇ ಮಲಗಿದರೆ ನಂಜು ರಕ್ತಕ್ಕೆ ಸೇರುತ್ತದೆ, ಬರುವ ಮಳೆಗಾಲವನ್ನು ಇವರು ಕಾಣುವುದು ಕಷ್ಟ ಎಂದು ಡಾಕ್ಟರು ಸುತ್ತಿಬಳಸದೆ ಹೇಳಿದ್ದಾರೆ. ನನಗೆ ಭಯವಾಗುತ್ತಿದೆ ಪ್ರಜ್ಞೇಶಾ.

ನಿನ್ನ ಆ ಬೈಗುಳ ಒರಟೋ ಅಲ್ಲವೋ ಎಂದು ಈಗ ಕೇಳಿದರೆ, ಒರಟೇ. ದೊಡ್ಡವರಿಗೆ ಹಾಗೆ ಅನ್ನಬಾರದಿತ್ತು, ಅದನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ನಾಳೆ ಇನ್ನೂ ಚೆನ್ನಾಗಿ ಆಡುತ್ತಾರೆ ಎಂಬ ಆಸೆಯಿಂದ ನೀನು ಬಯ್ಯುತ್ತಿದ್ದೆ, ಅದು ಅವರಿಗೆ ತಿಳಿಯುತ್ತಿತ್ತು. ಕ್ಲಾಸಿನಲ್ಲಿ ನಾನೂ ಅಷ್ಟೆ, ಇವನಿಂದ ಆಗದು ಎಂದು ಕೈಬಿಟ್ಟವನ ಪುಸ್ತಕಕ್ಕೆ ಓದದೆಯೇ ರೈಟ್ ಹಾಕಿ ಕೊಟ್ಟುಬಿಡುತ್ತೇನೆ. ಆ ಸಂಜೆ ನೀನು ಅವರಿಗೆ ಅದನ್ನೇ ಮಾಡಿದೆ. ನಾನು ಆರು ತಿಂಗಳಿನಿಂದ ಮಾಡುತ್ತಿದ್ದೇನೆ. ಬರೆಯಿಂದ ಬಿದ್ದದ್ದಕ್ಕೆ ನಿನ್ನ ಮೇಲೆ ನನಗಿದ್ದ ಸಿಟ್ಟು ಯಾವಾಗಲೋ ಇಳಿದಿದೆ. ಆ ಹೊಗಳಿಕೆಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಹೊತ್ತು ಹೊತ್ತಿಗೆ ಉಣ್ಣು. ಕೆಲಸದ ಸಿಟ್ಟನ್ನು ಹೊಟ್ಟೆಯ ಮೇಲೆ ತೀರಿಸಿಕೊಳ್ಳಬೇಡ. ಇಗ್ಗುತ್ತಪ್ಪ ನಿನ್ನನ್ನು ಕಾಪಾಡಲಿ. ಅಮ್ಮನಿಗೆ ಒಂದು ಫೋನು ಮಾಡು, ಅವಳು ಯಾರ ಮೇಲೂ ತಪ್ಪು ಹೊರಿಸುವವಳಲ್ಲ.

ನಿನ್ನ ಅಕ್ಕ,
ಕವನಾ

ತಾ.ಕ.: ಗಂಟೆ ಹೊಡೆಯಿತು, ಮಕ್ಕಳು ಬಾಗಿಲಲ್ಲಿ ನೂಕಾಡುತ್ತಿದ್ದಾರೆ, ಬೇಗ ಬರೆಯುತ್ತೇನೆ. ಗಾಲಿಕುರ್ಚಿ ಬಂದು ತಿಂಗಳಾಯಿತು. ಕಾಫಿ ಗೋಡೌನಿನಲ್ಲಿ ಗೋಣಿ ಮುಚ್ಚಿ ಇಟ್ಟಿದ್ದೇನೆ, ಅವರಿಗೆ ಗೊತ್ತಿಲ್ಲ. ಹೇಳಬೇಕೆಂದು ಎಷ್ಟೋ ಸಲ ಮಂಚದ ತನಕ ಹೋಗಿ ನೀರು ಬೇಕಾ ಎಂದು ಕೇಳಿ ವಾಪಸು ಬಂದಿದ್ದೇನೆ. ನನ್ನಿಂದ ಆಗುವುದಿಲ್ಲ. ರಜೆ ಸಿಗಲಿಲ್ಲ ಗಿಜೆ ಸಿಗಲಿಲ್ಲ ಅನ್ನಬೇಡ, ಈ ವಾರವೇ ಹೊರಟು ಬಾ. ಅತ್ತೆ ಅಂಗಳದಲ್ಲಿ ಏನಂದರೂ ತಲೆ ತಗ್ಗಿಸಿ ಒಳಗೆ ಬಾ. ಕುರ್ಚಿಯನ್ನು ನೀನೇ ತಳ್ಳಿಕೊಂಡು ಹೋಗಿ ಅವರ ಮುಂದೆ ನಿಲ್ಲಿಸಿ, ಕಾಲು ಬರುವುದಿಲ್ಲ ಭಾವ, ಎದ್ದು ಇದರಲ್ಲಿ ಕೂರಿ ಎಂದು ನಮ್ಮ ಭಾಷೆಯಲ್ಲೇ ಹೇಳು, ಆಟದಲ್ಲಿ ಹೇಳುತ್ತಿದ್ದ ಹಾಗೇ. ಬಯ್ಯಬಹುದು, ಕೈಗೆ ಸಿಕ್ಕಿದ್ದನ್ನು ಎತ್ತಿ ನಿನ್ನ ಮೇಲೆ ಎಸೆಯಬಹುದು. ಎಸೆಯಲಿ. ಕೈ ಎರಡೂ ಇನ್ನೂ ಗಟ್ಟಿ ಇವೆ.