ಅರ್ಧ ಹೆಜ್ಜೆ ಹಿಂದೆ

ಮಾನ್ಯ ಪ್ರಾಂಶುಪಾಲರಿಗೆ ವಂದನೆಗಳು.

ಇಂದು ಮಾರ್ಚ್ ಹನ್ನೆರಡು. ಕಾಲೇಜಿನ ಹಜಾರದಲ್ಲಿ ಹಾಕಲಿರುವ ನನ್ನ ಓಟದ ಚಿತ್ರದಿಂದ, ಕಾಲೇಜಿಗೆ ಸೇರಿದವರಲ್ಲವೆಂದು ನನ್ನ ಅತ್ತಿಗೆಯನ್ನು ಕತ್ತರಿಸಿ ತೆಗೆಯಲು ತಾವು ಕೇಳಿರುವ ಒಪ್ಪಿಗೆಗೆ ಉತ್ತರಿಸುವುದು ಈ ಪತ್ರದ ಉದ್ದೇಶ.

ದೃಷ್ಟಿಯಿಲ್ಲದವರ ಸಾವಿರದ ಐನೂರು ಮೀಟರ್ ಓಟದಲ್ಲಿ ನಾನು ಮೊದಲಿಗಳಾದೆ. ತರಗತಿಯಲ್ಲಿ ಆ ಸ್ಥಾನ ನನಗೆ ಹಳೆಯದು; ಮೈದಾನದಲ್ಲಿ ಹೊಸದು. ಕೊನೆಯ ತಿರುವಿನಲ್ಲಿ ನನ್ನ ಉಸಿರು ಸೋತಾಗ, ನಮ್ಮಿಬ್ಬರ ಕೈಗಳನ್ನು ಬೆಸೆದ ಹಗ್ಗದ ಆ ತುದಿಯಿಂದ, ದಾರಿ ತೋರುತ್ತ ಜೊತೆಗೆ ಓಡುತ್ತಿದ್ದ ಅತ್ತಿಗೆ ಗದರಿದರು: “ಯಾವತ್ತಾದ್ರೂ ಎರಡನೇ ಬೆಂಚಲ್ಲಿ ಕೂತಿದ್ದೀಯೇನೇ? ಮುಂದೆ ಒಬ್ಬಳೇ ಇರೋದು, ನುಗ್ಗು!”

ನುಗ್ಗಿದೆ; ಮುಂದಿದ್ದವಳನ್ನು ಹಿಂದಿಕ್ಕಿದೆ. ಗೆರೆ ಸಮೀಪಿಸಿದಾಗ, “ಇನ್ನು ನೀನೇ ಮುಂದೆ ಹೋಗಮ್ಮ,” ಎಂದು ಅತ್ತಿಗೆ ಅರ್ಧ ಹೆಜ್ಜೆ ಹಿಂದೆ ಸರಿದರು. ದಾರಿ ತೋರುವವರು ಮೊದಲು ಗೆರೆ ದಾಟಿದರೆ ಓಟಗಾರ್ತಿಯ ಗೆಲುವು ರದ್ದಾಗುತ್ತದೆ. ಚಿತ್ರ ತೆಗೆದದ್ದು ಆ ಕ್ಷಣದಲ್ಲಿ.

ಅದರಲ್ಲಿ ನಾನು ಬಾಯಿ ತೆರೆದುಕೊಂಡಿದ್ದೇನೆಂದು ಅಣ್ಣ ಇನ್ನೂ ನಗುತ್ತಾನೆ. ಅದು ಹಾಗೆಯೇ ಇರಲಿ. ಚೌಕಟ್ಟನ್ನು ದಯವಿಟ್ಟು ಮೆಟ್ಟಿಲ ಬಳಿ, ನನ್ನ ಕೈಗೆಟುಕುವ ಎತ್ತರದಲ್ಲಿ ಹಾಕಿಸಬೇಕು.

ಕತ್ತರಿಸಲು ನನ್ನ ಒಪ್ಪಿಗೆ ಇಲ್ಲ.

ಇತಿ,
ತಮ್ಮ ಅಂತಿಮ ವರ್ಷದ ವಿದ್ಯಾರ್ಥಿನಿ